ಬಾರಿಸದ ಗಡಿಗೆ

ಪಾತ್ರೆ ಭಾಂಡೆ ಅಂಗಡಿಗೆ ಕೆಲಸಕ್ಕೆ ಸೇರುವ ಹುಡುಗಿಯರಿಗೆ ಈಗ ಮೊದಲು ಕಲಿಸುವುದು ಗಿರಾಕಿಯ ರೊಕ್ಕ ಮೊಬೈಲಿಗೆ ಬಂತೋ ಇಲ್ಲವೋ ನೋಡುವುದನ್ನು. ನನಗೆ ಮೊದಲು ಕಲಿಸಿದ್ದು ಗಡಿಗೆ ಬಾರಿಸುವುದನ್ನು. ಕಲಿಸಿದವಳು ನನ್ನ ಅಕ್ಕ ನೀಲವ್ವ. ಹೋದ ವರ್ಷ ಯುಗಾದಿ ಮುಗಿದ ಮೇಲೆ ಆಕೆ ತೀರಿಕೊಂಡಳು. ಈ ಯುಗಾದಿಗೆ ನಾನು ಕೆಲಸ ಬಿಟ್ಟೆ. ನನ್ನ ಜಾಗಕ್ಕೆ ಬಂದ ಹುಡುಗಿ, "ಅವ್ವಾರ, ನಿಮಗ ಗೊತ್ತಿದ್ದಷ್ಟು ಬರದ್ ಕೊಡ್ರಿ, ನಾ ಓದಿ ಕಲೀತೀನಿ" ಅಂದಳು. ನಾನು ಏಳನೇ ಇಯತ್ತೆ ಮುಗಿಸಿದವಳು. ಬರೆದು ರೂಢಿಯಿಲ್ಲ. ಆದರೂ ಮನೆಯಲ್ಲಿ ಈಗ ಮಾತಾಡಲು ಯಾರೂ ಇಲ್ಲದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಅಂಗಡಿ ನವಲಗುಂದದ ಬಜಾರದಲ್ಲಿದೆ. ಮಾಲಕರು ಮಕ್ತುಮಸಾಬರು, ನಮಗೆಲ್ಲ ಕಾಕಾ. ಮುಂದಿನ ಕಟ್ಟೆಯ ಮೇಲೆ ಸ್ಟೀಲಿನ ತಾಟು, ಚರಿಗೆ, ಡಬ್ಬಿ. ಅದರ ಬಾಜು ಪ್ಲಾಸ್ಟಿಕ್ ಕೊಡ, ಬಕೀಟು. ಕಂಬಕ್ಕೆ ಒರಗಿಸಿದ ಕಸಬರಿಗೆ, ಚಾಪೆ. ಗೋಡೆಗೆ ನೇತುಹಾಕಿದ ರೊಟ್ಟಿ ಹಂಚು. ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ. ಅದರಲ್ಲಿ ಮಣ್ಣಿನ ಗಡಿಗೆಗಳು. ನಮ್ಮ ಕಡೆಯದು ಕಪ್ಪು ಎರಿ ಮಣ್ಣು, ಹತ್ತಿ ಕಡಲೆಗೆ ಒಳ್ಳೆಯದು, ಗಡಿಗೆಗೆ ಅಲ್ಲ. ಹೀಗಾಗಿ ಗಡಿಗೆಗಳು ಕಲಘಟಗಿ ತಾಲೂಕಿನ ದುಮ್ಮವಾಡದ ಕಡೆಯಿಂದ, ಭತ್ತದ ಹುಲ್ಲಿನಲ್ಲಿ ಸುತ್ತಿಕೊಂಡು, ಟ್ರಾಕ್ಟರಿನಲ್ಲಿ ಬರುತ್ತಿದ್ದವು. ಇಳಿಸುವಾಗ ಕೋಣೆಯೆಲ್ಲ ಬೇರೆ ಊರಿನ ಮಳೆಯ ವಾಸನೆ.

ಅಕ್ಕ ನನಗಿಂತ ಮೊದಲೇ ಅಲ್ಲಿ ಕೆಲಸಕ್ಕಿದ್ದಳು. ಸಣ್ಣವಳಿದ್ದಾಗ ಜ್ವರ ಬಂದು ಆಕೆಯ ಎಡಗಿವಿ ಹೋಗಿತ್ತು, ಬಲಗಿವಿಯೂ ಅಷ್ಟಕ್ಕಷ್ಟೆ. ಅದೇ ಕಾರಣಕ್ಕೆ ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು ತಿರುಗಿ ಹೋದರು. ಆಕೆ ಮದುವೆಯಾಗಲಿಲ್ಲ. ನನ್ನ ಗಂಡ ಬೇಗ ಹೋದ ಮೇಲೆ ನಾನು ಅಕ್ಕನ ಮನೆಗೇ ಬಂದೆ. ಮರುವಾರ ಆಕೆ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗಿ ಕಾಕಾನ ಮುಂದೆ ನಿಲ್ಲಿಸಿದಳು.

"ನನ್ನ ತಂಗಿರಿ, ಗೌರವ್ವ. ಎರಡೂ ಕಿವಿ ಛಲೋ ಅದಾವು."

ಕಾಕಾ ನಕ್ಕರು. "ಹಂಗಾರ ನಿನಗಿಂತ ಎರಡು ಪಟ್ಟು ಪಗಾರ ಕೊಡಬೇಕಾಕ್ಕೈತೇನ?"

"ಬ್ಯಾಡ್ರಿ. ಅಕಿಗೆ ಕೇಳಸ್ತೈತಿ, ತಿಳಿಯೂದಿಲ್ಲ."

ಅದು ನಿಜವೇ ಆಗಿತ್ತು. ಗಡಿಗೆ ಬಾರಿಸುವ ರೀತಿ ಹೀಗೆ. ನೆಲದ ಮೇಲಿಟ್ಟು ಬಾರಿಸಬಾರದು, ನೆಲ ಸದ್ದು ಕುಡಿಯುತ್ತದೆ. ಎಡಗೈ ಬೆರಳ ತುದಿಯ ಮೇಲೆ ನಿಲ್ಲಿಸಿಕೊಂಡು, ಬಲಗೈಯ ನಡುಬೆರಳು ಮಡಚಿ, ಗೆಣ್ಣಿನಿಂದ ಹೊಟ್ಟೆಗೆ ಹೊಡೆಯಬೇಕು. ಜೋರು ಬೇಡ. "ಕರದಂಗ ಬಾರಸಬೇಕು. ಗಟ್ಟಿ ಗಡಿಗಿ 'ಓ' ಅಂತೈತಿ. ಸೀಳಿದ್ದು 'ಯಾಕ' ಅಂತೈತಿ" ಎಂದು ಅಕ್ಕ ಹೇಳುತ್ತಿದ್ದಳು. ನಾನು ನಕ್ಕಿದ್ದೆ. ಆದರೆ ನೀವು ಹತ್ತಿಪ್ಪತ್ತು ಗಡಿಗೆ ಬಾರಿಸಿ ನೋಡಿ. ಕೂದಲೆಳೆಯಷ್ಟು ಸೀಳಿದ್ದರೂ ಸದ್ದು ಬಾಯಿ ಮುಚ್ಚಿಕೊಂಡು, ಸಿಟ್ಟಿನಲ್ಲಿ ಕೇಳಿದ ಹಾಗೆಯೇ ಬರುತ್ತದೆ.

ಅಕ್ಕ ಕಿವಿಯಿಂದ ಕೇಳುತ್ತಿರಲಿಲ್ಲ. ಗಡಿಗೆಯ ಬಾಯನ್ನು ತನ್ನ ದವಡೆಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ಬಾರಿಸುತ್ತಿದ್ದಳು. ಆಕೆಗೆ ಸದ್ದು ಎಲುಬಿನಿಂದ ಬರುತ್ತಿತ್ತು. ಆ ಕತ್ತಲೆ ಕೋಣೆಯಲ್ಲಿ, ಒಂದೊಂದು ಗಡಿಗೆಯ ಬಾಯಿಗೂ ಮುಖ ಹಚ್ಚಿ ಸುಮ್ಮನೆ ಕೂತ ಹೆಂಗಸನ್ನು ಮೊದಲ ಸಲ ನೋಡಿದವರು ಹೆದರುತ್ತಿದ್ದರು. ಗಡಿಗೆ ಇಳಿಸಲು ಬಂದ ಹಮಾಲನೊಬ್ಬ, "ಆ ಅಕ್ಕಾರು ಗಡಿಗಿ ಜೋಡಿ ಏನೋ ಮಾತಾಡಾಕತ್ತಾರ್ರಿ, ನಾ ಒಳಗ ಹೋಗೂದಿಲ್ಲ" ಎಂದು ಕಟ್ಟೆಯ ಮೇಲೆ ಕೂತುಬಿಟ್ಟಿದ್ದ.

ಆ ಕೋಣೆಯ ಹಿಂದಿನ ಗೋಡೆಗೆ ಒಂದು ಸಾಲು ಬೇರೆಯೇ ಇತ್ತು. ಬೋರಲು ಹಾಕಿದ ಗಡಿಗೆಗಳು. ಅವು ಸಾವಿನ ಗಡಿಗೆ. ನಮ್ಮಲ್ಲಿ ಹಿಂದೂ ಇರಲಿ, ಮುಸಲ್ಮಾನರಿರಲಿ, ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಕೊನೆಯ ಸ್ನಾನದ ನೀರಿಗೆ ಹೊಸ ಗಡಿಗೆ ಬೇಕು. ಅದಕ್ಕಾಗಿ ಬಂದವರು ಬೆಲೆ ಚೌಕಾಶಿ ಮಾಡುವುದಿಲ್ಲ. ಬಾರಿಸಿಯೂ ನೋಡುವುದಿಲ್ಲ.

"ಯಾಕ ಬಾರಸೂದಿಲ್ಲ?" ಎಂದು ನಾನು ಕೇಳಿದ್ದೆ.

"ಹೊಂಟವರನ್ನ ಹಿಂದಿಂದ ಕೂಗ್ತಾರೇನ್ ಬೇ? ಬಾರಸೂದಂದ್ರ ಕರದಂಗ. ಕರದ್ರ ತಿರಿಗಿ ನೋಡ್ತಾರ."

ಬಾರಿಸದೆ ಒಯ್ಯುವವರಿಗೆ ಸೀಳಿದ್ದು ಹೋಗಬಾರದಲ್ಲ. ಆದ್ದರಿಂದ ದಿನಾ ಮುಂಜಾನೆ ಅಂಗಡಿ ತೆಗೆದ ಕೂಡಲೆ ಆ ಸಾಲನ್ನು ಅಕ್ಕ ಬಾರಿಸಿ ಇಡಬೇಕಿತ್ತು. ಅದು ಕಾಕಾನ ಕಟ್ಟಪ್ಪಣೆ. "ಅವರ ಪಾಲಿನ ಬಾರಸೂದು ನಮ್ಮ ಮ್ಯಾಲೆ ಐತಿ. ಅಳಕೋತ ಬಂದವರಿಗೆ ಸೋರೂ ಗಡಿಗಿ ಕೊಟ್ರ ಅಲ್ಲಾ ಮೆಚ್ಚೂದಿಲ್ಲ" ಎನ್ನುತ್ತಿದ್ದರು. ಮುಂಜಾನೆ ಆ ಗಡಿಗೆ ಇನ್ನೂ ಯಾರದೂ ಅಲ್ಲ, ಅದಕ್ಕೇ ಬಾರಿಸಬಹುದು. ಒಬ್ಬರ ಹೆಸರಿಗೆ ಕೈ ಹಚ್ಚಿದ ಮೇಲೆ ಬಾರಿಸಬಾರದು. ಇಡೀ ಅಂಗಡಿಯಲ್ಲಿ ಎಲ್ಲಕ್ಕಿಂತ ಗಟ್ಟಿ ಮಾಲು ಆ ಸಾಲಿನಲ್ಲಿ ಇರುತ್ತಿತ್ತು. ಜೀವಂತ ಇದ್ದವರಿಗೆ ಅಷ್ಟು ಛಲೋ ಗಡಿಗೆ ಸಿಗುತ್ತಿರಲಿಲ್ಲ.

ಸಂಜೆ ಬಿಸಿಲು ಇಳಿದು ಮಾಡಿನ ತಗಡು ತಣ್ಣಗಾಗುವಾಗ ಆ ಸಾಲಿನಿಂದ ಸಣ್ಣಗೆ ಟಿಕ್ ಎಂದು ಸದ್ದು ಬರುತ್ತಿತ್ತು. ಮಣ್ಣು ಕಾದು ಆರುವಾಗ ಹಾಗಾಗುತ್ತದೆ ಎಂದು ಕಾಕಾ ಹೇಳಿದ್ದರು. ಇರಬಹುದು. ಆದರೆ ಸದ್ದು ಬಂದ ದಿನ ಅಂಗಡಿ ಮುಚ್ಚುವ ಮುಂಚೆ ಒಬ್ಬರಾದರೂ ಬಂದು ನೆಲ ನೋಡುತ್ತ ನಿಲ್ಲುತ್ತಿದ್ದರು. ದಿನಾ ಅಲ್ಲ. ನಾನು ಎಣಿಸಿಲ್ಲ, ಎಣಿಸಲು ನನಗೆ ಧೈರ್ಯ ಇರಲಿಲ್ಲ.

ಸಾವಿನ ಮಾತು ಬಿಟ್ಟು ಸಂಸಾರದ ಮಾತಿಗೆ ಬರುತ್ತೇನೆ, ನೀವು ಹೆಚ್ಚು ಮಾರಬೇಕಾದದ್ದು ಅದನ್ನೇ. ನಮ್ಮ ಗಿರಾಕಿಗಳು ಸೆರಗಿನ ಗಂಟಿನಲ್ಲಿ ಇದ್ದಷ್ಟರಲ್ಲೇ ಮನೆ ಹೂಡುವವರು. ಅಂಥವರು ಬಂದಾಗ ಅಕ್ಕ ಹೇಳುತ್ತಿದ್ದ ಮಾತು ಒಂದೇ: "ಬೆಂಕಿ ಮುಟ್ಟೂದಕ್ಕ ರೊಕ್ಕ ಹಾಕು, ನೀರು ಮುಟ್ಟೂದಕ್ಕ ಕಣ್ಣು ಹಾಕು." ಅಂದರೆ ಹಂಚು, ಬೋಗುಣಿ ತುಟ್ಟಿಯಾದರೂ ದಪ್ಪನೆಯದು ಒಯ್ಯಬೇಕು. ತೆಳುವಾದರೆ ರೊಟ್ಟಿ ನಡುವೆ ಸುಟ್ಟು ಅಂಚು ಹಸಿ ಉಳಿಯುತ್ತದೆ, ಮತ್ತೆ ಗ್ಯಾಸು ಹೆಚ್ಚು ಸುಡುತ್ತದೆ. ಸೋವಿ ಹಂಚು ಒಯ್ದವಳು ಆ ರೊಕ್ಕವನ್ನು ಪ್ರತಿ ತಿಂಗಳೂ ಒಲೆಗೆ ಹಾಕುತ್ತಾಳೆ. ಹಂಚನ್ನು ಸಮ ನೆಲದ ಮೇಲಿಟ್ಟು ಅಂಚಿಗೆ ಒಂದು ಬೆರಳು ಒತ್ತಿ. ತೂಗಾಡಿದರೆ ಬೇಡ. ಬಕೀಟು ಸೋವಿಯದೇ ಸಾಕು, ಆದರೆ ನೋಡಿ ತಗೊಳ್ಳಬೇಕು. ಬಾಯಿಯಲ್ಲಿ ಮೂಗು ಇಟ್ಟು ಮೂಸಿ. ಸುಟ್ಟ ವಾಸನೆ ಬಂದರೆ ಹಳೆಯ ಚಪ್ಪಲಿ ಕರಗಿಸಿ ಮಾಡಿದ್ದು, ಬಿಸಿನೀರು ಹಾಕಿದ ದಿನ ಅದರ ತಳ ಬಿಡುತ್ತದೆ. ಬಿಸಿಲಿಗೆ ಎತ್ತಿ ಹಿಡಿದರೆ ಎಲ್ಲಿ ತೆಳುವಿದೆ ಅಲ್ಲಿ ಬೆಳಕು ಕಾಣುತ್ತದೆ. ಹಿಡಿಕೆ ಕೂಡಿಸಿದ ಕಿವಿ ನೋಡುವುದನ್ನಂತೂ ಮರೆಯಬೇಡಿ. ಬಕೀಟು ಸಾಯುವುದೇ ಅಲ್ಲಿಂದ.

ಪ್ಲಾಸ್ಟಿಕ್ ಕೊಡವನ್ನು ಅಕ್ಕ ಒಮ್ಮೆ ಬಾರಿಸಿ, ಕೆಳಗಿಟ್ಟು, "ಇದು ಏನೂ ಅನ್ನೂದಿಲ್ಲ" ಅಂದಿದ್ದಳು. ಮತ್ತೆ ಯಾವತ್ತೂ ಅದನ್ನು ಮುಟ್ಟಲಿಲ್ಲ.

ಸ್ಟೀಲು ಬಂದಾಗ ಆಕೆ ತಪ್ಪಿದಳು. ದವಡೆಗೆ ಹಿಡಿದು ಬಾರಿಸಿ, ಯಾವುದು ಉದ್ದಕ್ಕೆ ಹಾಡುತ್ತದೋ ಅದೇ ಛಲೋದು ಅಂತ ತಾಟು ಆರಿಸಿ ಕೊಡುತ್ತಿದ್ದಳು. ಆದರೆ ಸ್ಟೀಲು ತೆಳುವಾದಷ್ಟೂ ಹೆಚ್ಚು ಹಾಡುತ್ತದೆ. ಅಣ್ಣಿಗೇರಿಯ ಒಬ್ಬ ಹೆಂಗಸು ಒಂದೇ ತಿಂಗಳಲ್ಲಿ ನೆಗ್ಗಿದ ತಾಟುಗಳನ್ನು ತಂದು ಕಟ್ಟೆಯ ಮೇಲೆ ಬಡಿದಳು.

"ಹಾಡೂ ತಾಟು ಕೊಟ್ಟೀರಿ ಅಕ್ಕಾರ. ಇದರಾಗ ಉಣಬೇಕೋ, ಇದನ್ನ ಭಜನಿಗೆ ಒಯ್ಯಬೇಕೋ?"

ಅಕ್ಕ ನಗುತ್ತಲೇ ತಾಟು ವಾಪಸು ತೆಗೆದುಕೊಂಡಳು. "ಭಜನಿಗೆ ನಾ ಇಟ್ಕೋತೀನಿ. ನೀ ಉಣ್ಣೂದು ಒಯ್ಯಿ." ಅಂದಿನಿಂದ ಸ್ಟೀಲಿಗೆ ಹೆಬ್ಬೆರಳು ಬಂತು. ತಾಟಿನ ನಡುವೆ ಒತ್ತಿ ಹಿಡಿಯಿರಿ. ಡಬ್ ಎಂದು ಒಳಗೆ ಹೋಗಿ ಡಬ್ ಎಂದು ಹೊರಗೆ ಬಂದರೆ ಇಳಿಸಿಬಿಡಿ. ಅಂಚನ್ನು ಉಗುರಿನಿಂದ ಸುತ್ತ ಸವರಿ. ಮಡಿಕೆ ಪೂರ್ತಿ ಮುಚ್ಚಿರಬೇಕು, ಇಲ್ಲವಾದರೆ ಅಲ್ಲಿ ಸಾರಿನ ಜಿಡ್ಡು ಕೂತು ವಾಸನೆ ಬರುತ್ತದೆ. ಈಗಿನ ಗಿರಾಕಿಗಳು ಮೊಬೈಲಿನಲ್ಲಿ ನೋಡಿಕೊಂಡು ಅಯಸ್ಕಾಂತ ತರುತ್ತಾರೆ. ತರಲಿ. ಅಂಟಿದರೂ ಅಂಟದಿದ್ದರೂ ಹೆಬ್ಬೆರಳು ಒತ್ತಿ ನೋಡಲು ಹೇಳಿ.

ಈಗ ಯಮನೂರಿನ ಫಕೀರಪ್ಪನ ಮಾತು. ಇದನ್ನು ಬರೆಯದೆ ಮುಂದಿನದು ಬರೆಯಲು ಆಗುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತು. ಅಕ್ಕ ಊಟಕ್ಕೆ ಹೋಗಿದ್ದಳು. ಫಕೀರಪ್ಪ ಬಂದು, ನನ್ನ ಮುಖ ನೋಡದೆ, ಸೀದಾ ಹಿಂದಿನ ಕೋಣೆಗೆ ಹೋಗಿ ಗೋಡೆಯ ಸಾಲಿನಿಂದ ಒಂದು ಗಡಿಗೆ ತೆಗೆದುಕೊಂಡು ಬಂದ. ಆತನ ತಂದೆ ಎರಡು ದಿನದಿಂದ ಮೇಲುಸಿರು ಹಾಕುತ್ತಿದ್ದರಂತೆ, ಮರುದಿನ ಬಜಾರ ಬಂದ್ ಇರುತ್ತದೆಂದು ಹಿರಿಯರು ಮೊದಲೇ ಕಳಿಸಿದ್ದರಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ನಾನು ಕಲಿತ ಪಾಠ ಒಪ್ಪಿಸಿದೆ.

"ಬಾರಿಸಿ ನೋಡ್ರಿ ಅಣ್ಣಾರ. ಆಮ್ಯಾಲೆ ಸೋರ್ತೈತಿ ಅಂದ್ರ ನಾವ್ ಜವಾಬ್ದಾರರಲ್ಲ."

ಆತ ನನ್ನನ್ನು ನೋಡಿದ. ಗೆಣ್ಣು ಮಡಚಿ ಒಂದು ಸಲ ಬಾರಿಸಿದ. ಗಡಿಗೆ ಓ ಅಂದಿತು. ರೊಕ್ಕದ ಗಲ್ಲೆಯ ಮೇಲೆ ಕೂತಿದ್ದ ಕಾಕಾ ಎದ್ದು ನಿಂತರು. ಅವರ ಮುಖ ಸುಣ್ಣದ ಹಾಗೆ ಆಗಿತ್ತು.

ತಂದೆ ತೀರಿಕೊಳ್ಳಲಿಲ್ಲ. ಅದೇ ಸಂಜೆ ಕಣ್ಣು ತೆರೆದು ಅಂಬಲಿ ಕೇಳಿದರಂತೆ. ಆ ವಾರ ಫಕೀರಪ್ಪ ಅಂಗಡಿಗೆ ಪೇಢೆ ತಂದ. ಬಜಾರವೆಲ್ಲ ನಕ್ಕಿತು. "ಗೌರವ್ವನ ಅಂಗಡ್ಯಾಗ ಯಮಗೂ ಗ್ಯಾರಂಟಿ ಐತಿ" ಎಂದರು. ಮನೆಯಲ್ಲಿ ಯಾರಿಗಾದರೂ ಜಡ್ಡು ಆದರೆ ಬಂದು ಗಡಿಗೆ ಬಾರಿಸಿ ಹೋಗುವವರೂ ಇದ್ದರು. ಅಕ್ಕ ಮಾತ್ರ ಪೇಢೆ ತಿನ್ನಲಿಲ್ಲ.

ಹೇಳಬೇಕಾದದ್ದು ಇಲ್ಲಿಂದ ಮುಂದೆ. ಆ ಮುದುಕ ಹಾಸಿಗೆಯಿಂದ ಏಳಲಿಲ್ಲ. ಸಾಯಲೂ ಇಲ್ಲ. ವರ್ಷಗಳು ಹೋದವು. ಕೈಕಾಲು ಸೊರಗಿ, ಬೆನ್ನು ಹುಣ್ಣಾಗಿ, ಮಾತು ಮಾತ್ರ ಉಳಿಯಿತು. ಫಕೀರಪ್ಪ ಸಾಮಾನಿಗೆ ಬಂದಾಗಲೆಲ್ಲ ಬಾಗಿಲ ಹೊರಗೆ ನಿಂತು ಹೇಳುತ್ತಿದ್ದ.

"ನಮ್ಮಪ್ಪ ಏನಂತಾನ ಗೊತ್ತೈತೇನ್ರಿ? ಛಂದ ಹಾದ್ಯಾಗ ಹೊಂಟಿದ್ನಂತ. ಹಿಂದಿಂದ ಯಾರೋ ಕರದ್ರಂತ. ತಿರಿಗಿ ನೋಡಿದ್ನಂತ, ಹಾದಿ ಇರಲಿಲ್ಲಂತ. 'ನೀ ಏನಲೇ ಕರದಿ?' ಅಂತ ದಿನಾ ಕೇಳ್ತಾನ. ಏನ್ ಹೇಳ್ಲಿ?"

ಒಂದು ದಿನ ಆತ, "ನೀವ ಕರೆಸಿದ್ರಿ, ನೀವ ಬಿಡಿಸ್ರಿ" ಎಂದು ಕೈಮುಗಿದ. ನಾನು ಒಳಗೆ ಹೋಗಿಬಿಟ್ಟೆ. ಅಕ್ಕ ಎದ್ದು, ಗೋಡೆಯ ಸಾಲಿನಿಂದ ಒಂದು ಗಡಿಗೆ ತೆಗೆದು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದಳು. ಬಸ್ಸಿನಲ್ಲಿ ಎಲ್ಲಿಗಾದರೂ ತಾಗಿ ಸದ್ದಾಗಬಾರದು ಎಂದು ಬಾಯಿಯೊಳಗೂ ಬಟ್ಟೆ ತುರುಕಿದಳು. ಆತನ ಕೈಗೆ ಕೊಟ್ಟು, "ಮನಿಗೆ ಹೋಗಿ ಮೂಲ್ಯಾಗ ಬೋರಲಾ ಇಡ್ರಿ. ಯಾರೂ ಮುಟ್ಟಬ್ಯಾಡ್ರಿ" ಅಂದಳು.

ಮುದುಕ ಆ ವಾರವೇ ಹೋದ. ಫಕೀರಪ್ಪ ಸುದ್ದಿ ಕಳಿಸಿದ. ಪೇಢೆ ಕಳಿಸಲಿಲ್ಲ, ಆದರೆ ಅವತ್ತು ಅಕ್ಕ ಹೊಟ್ಟೆ ತುಂಬ ಉಂಡಳು. ನನಗೆ ಇದರಲ್ಲಿ ನಂಬಿಕೆ ಇದೆಯೇ ಎಂದು ಕೇಳಿದರೆ, ಮುದುಕರ ಉಸಿರು ಹೋಗುವುದೂ ಉಳಿಯುವುದೂ ಗಡಿಗೆಯ ಮಾತಲ್ಲ ಎಂದೇ ಹೇಳುತ್ತೇನೆ. ಆದರೆ ಅಂದಿನಿಂದ ನಾನು ಯಾರಿಗೂ ಬಾರಿಸಿ ನೋಡಿ ಎಂದು ಹೇಳಿಲ್ಲ.

ಹೋದ ವರ್ಷ ಯುಗಾದಿಯ ಮುಂಚೆ. ಆ ದಿನಗಳಲ್ಲಿ ಅಂಗಡಿಯಲ್ಲಿ ಗಡಿಗೆಗೆ ಜನ ಹೆಚ್ಚು, ಬೇಸಿಗೆಗೆ ಕುಡಿಯುವ ನೀರಿನ ಹೊಸ ಗಡಿಗೆ ಎಲ್ಲರಿಗೂ ಬೇಕು. ನಮ್ಮ ಮನೆಯ ಗಡಿಗೆಯನ್ನೂ ಅಕ್ಕ ಪ್ರತಿ ವರ್ಷ ಆಗಲೇ ಆರಿಸುತ್ತಿದ್ದಳು. ಅದು ಆಕೆಗೆ ಹಬ್ಬಕ್ಕಿಂತ ಹೆಚ್ಚು. ಹಬ್ಬದ ಮಾರಾಟಕ್ಕೆ ಅಂಗಡಿಯ ಮುಂದೆ ಹಾಕಿದ ರಾಶಿಯ ಗಡಿಗೆಗಳನ್ನೆಲ್ಲ ದವಡೆಗೆ ಹಚ್ಚಿ, ಬೇಡ, ಬೇಡ, ಎಂದು ಇಳಿಸುತ್ತ, ಕಡೆಗೆ ಒಂದಕ್ಕೆ ನಗುತ್ತಿದ್ದಳು.

ಹೋದ ವರ್ಷ ಆಕೆ ರಾಶಿಯ ಕಡೆ ನೋಡಲೂ ಇಲ್ಲ. ನಾನು ಗಿರಾಕಿಯೊಬ್ಬರಿಗೆ ಮಾಲು ತೋರಿಸುತ್ತಿದ್ದೆ. ಅಕ್ಕ ಹಿಂದಿನ ಕೋಣೆಯಿಂದ ಹೊರಬಂದಳು. ಸೊಂಟದ ಮೇಲೆ ಗೋಡೆಯ ಸಾಲಿನದೊಂದು ಗಡಿಗೆ. ಅದರ ಬಾಯಿಯೊಳಗಿಂದ ಹುಲ್ಲಿನ ಎಳೆಯೊಂದು ಇಣುಕುತ್ತಿತ್ತು. ಬಾರಿಸಲಿಲ್ಲ. ಕಾಕಾನ ಮುಂದೆ ರೊಕ್ಕ ಇಟ್ಟಳು. ನಮ್ಮಿಂದ ಕಾಕಾ ಗಡಿಗೆಗೆ ಯಾವತ್ತೂ ರೊಕ್ಕ ತೆಗೆದುಕೊಂಡವರಲ್ಲ, ಆಕೆಯೂ ಇಟ್ಟವಳಲ್ಲ. ಕಾಕಾ ಆ ರೊಕ್ಕ ನೋಡಿದರು, ಗಡಿಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅಕ್ಕ ಬಜಾರದ ಬಿಸಿಲಿಗೆ ಇಳಿದು ಹೊರಟಳು. ಕೂಗಬೇಕೆಂದಿದ್ದೆ. ಕೂಗಲಿಲ್ಲ.

ಸಂಜೆ ಮನೆಗೆ ಬಂದಾಗ ಗಡಿಗೆ ದೇವರ ಮೂಲೆಯಲ್ಲಿ ಬೋರಲು ಕೂತಿತ್ತು. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಯಾಕ ಬಾರಿಸ್ಲಿಲ್ಲ ಅಕ್ಕಾ?"

"ಮುಂಜಾನಿ ನಾನ ಬಾರಿಸಿ ಇಟ್ಟಿದ್ದಲ್ಲೇನ. ಎಷ್ಟ ಸರಿ ಬಾರಸೂದು?"

"ಮುಂಜಾನಿ ಬಾರಿಸಿದ್ದು ಲೆಕ್ಕಕ್ಕಿಲ್ಲ. ಈಗ ಬಾರಸು."

"ರೊಟ್ಟಿ ಹತ್ತತೈತಿ, ತಡಿ."

ರೊಟ್ಟಿ ಮುಗಿದ ಮೇಲೂ ಬಾರಿಸಲಿಲ್ಲ. ತನ್ನ ಹೊಟ್ಟೆಯ ಬಲಭಾಗಕ್ಕೆ ನನ್ನ ಕೈ ಹಿಡಿದು ಒತ್ತಿದಳು. ಒಳಗೆ ನಿಂಬೆಕಾಯಿಯಷ್ಟು ಗಟ್ಟಿಯಾದದ್ದು ಏನೋ ಕೈಗೆ ಹತ್ತಿತು. "ಹುಬ್ಬಳ್ಳಿ ದವಾಖಾನ್ಯಾಗ ತೋರಿಸೀನಿ. ಪಸರಿಸೇತಿ ಅಂದ್ರು. ಇನ್ನೇನೂ ಮಾಡಾಕ ಬರೂದಿಲ್ಲಂತ" ಅಂದಳು. ಎಲ್ಲಿ ಸೀಳಿದೆ ಎಂದು ಬೆರಳು ಹಚ್ಚಿ ತೋರಿಸುವಾಗಿನ ದನಿಯೇ ಅದು.

ಅಂದಿನಿಂದ ನನಗೆ ಒಂದೇ ಹಟ. ಆಕೆ ಆ ಗಡಿಗೆ ಬಾರಿಸಬೇಕು. ಒಂದೇ ಸಲ. ನಾನು ಬಾರಿಸಿದರೆ ಆಗುವುದಿಲ್ಲ, ತಂದವಳು ಆಕೆ, ಕರೆಯಬೇಕಾದವಳೂ ಆಕೆಯೇ. ಫಕೀರಪ್ಪನ ತಂದೆಯ ಬೆನ್ನಿನ ಹುಣ್ಣು ನನಗೆ ನೆನಪಿರಲಿಲ್ಲವೆಂದಲ್ಲ. ಆತ ಅಂಬಲಿ ಕೇಳಿದ ಸಂಜೆ ಅದಕ್ಕಿಂತ ಹೆಚ್ಚು ನೆನಪಿತ್ತು.

ಒಂದು ದಿನ, "ಅಕ್ಕಾ, ಅದು ಸೀಳೇತಿ, ಗೆರಿ ಕಾಣ್ತೈತಿ ನೋಡು" ಎಂದೆ. ಆಕೆ ಕೂತಲ್ಲಿಂದಲೇ, "ಸೀಳಿದ್ದನ್ನ ಆ ಸಾಲಿಗೆ ನಾ ಇಡ್ತೀನೇನ್ ಬೇ? ನನ್ನ ಕೆಲಸಕ್ಕ ಹೆಸರಿಡಬ್ಯಾಡ" ಎಂದು ಗದರಿದಳು. ಇನ್ನೊಂದು ದಿನ ಕಾಕಾನನ್ನು ಕರೆತಂದೆ. ಅವರು ಕುರ್ಚಿಯ ಮೇಲೆ ಕೂತು, ಮೊಣಕಾಲು ಸವರಿಕೊಂಡು, ಸುತ್ತು ಬಳಸಿ ಮಾತಿಗೆ ಬಂದರು.

"ನೀಲವ್ವ, ಆ ಗಡಿಗಿ ವಾಪಸ್ ಕೊಡವಾ. ಬ್ಯಾರೆದು ಕಳಸ್ತೀನಿ. ಅದರ ಮಾಲು ಛಲೋ ಇಲ್ಲ."

"ಕಾಕಾ, ಮಾರಿದ ಮಾಲು ವಾಪಸ್ ಇಲ್ಲಂತ ಅಂಗಡ್ಯಾಗ ಬೋರ್ಡ್ ಹಾಕೀರಿ. ನಾನ ಬರಿಸೀನಿ ಅದನ್ನ."

ಕಾಕಾ ನಕ್ಕರು. ನಗುತ್ತಲೇ ಟೊಪ್ಪಿಗೆ ತೆಗೆದು ಕಣ್ಣು ಒರೆಸಿಕೊಂಡರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ನನಗೆ ಮೆಲ್ಲಗೆ, "ಜುಲುಮಿ ಮಾಡಬ್ಯಾಡ ಗೌರವ್ವ. ಗಿರಾಕಿ ಅಕಿ" ಎಂದರು.

ಸಂಜೆ ಮನೆಯ ತಗಡು ಆರುವಾಗ ಗಡಿಗೆಯಿಂದ ಟಿಕ್ ಎಂದು ಬರುತ್ತಿತ್ತು. ಅಂಗಡಿಯಲ್ಲಿ ಸಾಲಿನ ನಡುವಿನಿಂದ ಬರುತ್ತಿದ್ದ ಅದೇ ಸದ್ದು. ಈಗ ಒಂದೇ ಗಡಿಗೆ, ಒಂದೇ ಮೂಲೆ. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಕಡೆ ತಿರುಗುತ್ತಿದ್ದೆ. ಅಕ್ಕನಿಗೆ ಅದು ಕೇಳಿಸುತ್ತಿರಲಿಲ್ಲ. ನನ್ನ ಮುಖ ನೋಡಿ, "ಏನಂತು?" ಎನ್ನುತ್ತಿದ್ದಳು.

"ಏನಿಲ್ಲ."

"ಇನ್ನೂ ಹೊತ್ತೈತಿ ಅಂತೇನ?" ಎಂದು ನಗುತ್ತಿದ್ದಳು.

ಹಬ್ಬ ಮುಗಿದು ಬಿಸಿಲು ಬಲಿತಂತೆ ಆಕೆಯ ನೋವು ಬಲಿಯಿತು. ಗುಳಿಗೆ ಅರ್ಧ ಹೊತ್ತೂ ತಡೆಯುತ್ತಿರಲಿಲ್ಲ. ತುಟಿ ಕಚ್ಚಿ ಕಚ್ಚಿ ಗಾಯವಾಗಿತ್ತು. ಒಂದು ಮಧ್ಯಾಹ್ನ ನಾನು ಕಸ ಹೊಡೆಯುತ್ತ ಮೂಲೆಗೆ ಬಂದೆ. ಕಸಬರಿಗೆಯ ಹಿಡಿಕೆ ಗಡಿಗೆಗೆ ತಾಗಲು ಬೆರಳಷ್ಟು ಅಂತರ. ಹಾಸಿಗೆಯಿಂದ ಅಕ್ಕನ ಕೈ ಮೇಲೆದ್ದಿತು. ನಾನು ಕಸಬರಿಗೆ ಕೆಳಗಿಟ್ಟು ಹತ್ತಿರ ಕೂತೆ.

"ಗೌರಾ, ಬಾರಿಸಬ್ಯಾಡ. ಯಾರಿಗೂ ಬಾರಸಾಕ ಕೊಡಬ್ಯಾಡ."

"ನೀ ಇರೂದು ಬ್ಯಾಡೇನ ನನಗ?"

"ಇದು ಇರೂದೇನ ಲೇ?" ಅಂದಳು. ಆಮೇಲೆ ಉಸಿರು ಹಿಡಿದು, "ಹಾದಿ ಛಂದ ಐತಿ ಅಂದಿದ್ದ ಆ ಮುದಕ. ನನಗೂ ಹಂಗ ಹೋಗಾಕ ಬಿಡು. ಗಡಿಗಿ ನಾನ ಯಾಕ ತಂದೆ ಗೊತ್ತೈತೇನ? ನೀ ತರಾಕ ಹೋದ್ರ ರೂಢಿ ಮ್ಯಾಲೆ ಬಾರಿಸಿಬಿಡ್ತಿದ್ದಿ. ಆಮ್ಯಾಲೆ ನಾ ಹತ್ತು ವರ್ಷ ಬಿದ್ಕೊಂಡು ನಿನ್ನ ಜೀವಾ ತಿಂತಿದ್ದೆ" ಎಂದು ನಗಲು ನೋಡಿದಳು.

ನಾನು ಎದ್ದೆ. ಟ್ರಂಕಿನಿಂದ ಆಕೆಯ ಹಳೆಯ ಸೀರೆ ತೆಗೆದು ಹರಿದೆ. ಮೂಲೆಗೆ ಹೋಗಿ, ಗೆಣ್ಣು ತಾಗದ ಹಾಗೆ ಅಂಗೈ ಬಿಡಿಸಿ ಹಿಡಿದು, ಗಡಿಗೆಗೆ ಬಟ್ಟೆ ಸುತ್ತಿದೆ. ಬಾಯಿಯೊಳಗೂ ತುರುಕಿದೆ. ಆಕೆ ಫಕೀರಪ್ಪನಿಗೆ ಸುತ್ತಿ ಕೊಟ್ಟ ಹಾಗೆಯೇ. ಅಕ್ಕ ಹಾಸಿಗೆಯಿಂದ ನೋಡುತ್ತಿದ್ದಳು. ಕಟ್ಟಿ ಮುಗಿದ ಮೇಲೆ, "ಹಾಂ, ಹಂಗ" ಅಂದಳು, ಗಂಟು ಸರಿಯಾಗಿ ಬಿದ್ದಾಗ ಅಂಗಡಿಯಲ್ಲಿ ಅನ್ನುತ್ತಿದ್ದ ಹಾಗೆ. ಆ ಸಂಜೆ ಗಡಿಗೆಯಿಂದ ಸದ್ದು ಬರಲಿಲ್ಲ. ನಾನು ಕಾಯುತ್ತ ಕೂತಿದ್ದೆ.

ಆ ವಾರದಲ್ಲೇ ಒಂದು ಮುಂಜಾನೆ ಆಕೆ ಹೋದಳು. ನಾನು ಚಹಾ ಸೋಸಿ ತರುವಷ್ಟರಲ್ಲಿ.

ಓಣಿಯ ಹೆಣ್ಣುಮಕ್ಕಳು ಬಂದರು. ನೀರು ತರಲು ಗಡಿಗೆ ಕೇಳಿದರು. ನಾನು ಬಟ್ಟೆ ಬಿಚ್ಚಿ ಕೊಟ್ಟೆ. ತೆಗೆದುಕೊಂಡವಳು ಪಕ್ಕದ ಮನೆಯ ಕಲ್ಲವ್ವ. ಆಕೆಯೂ ಜೀವಮಾನವಿಡೀ ನಮ್ಮ ಅಂಗಡಿಯ ಗಿರಾಕಿ, ಅಕ್ಕನಿಂದಲೇ ಬಾರಿಸುವುದು ಕಲಿತವಳು. ಅಳುತ್ತಲೇ ಗಡಿಗೆಯನ್ನು ಎಡಗೈ ಬೆರಳ ಮೇಲೆ ನಿಲ್ಲಿಸಿಕೊಂಡಳು. ಬಲಗೈಯ ನಡುಬೆರಳು ತಾನಾಗಿ ಮಡಚಿತು. ಆಕೆಗೆ ಅದರ ಅರಿವೇ ಇರಲಿಲ್ಲ.

ನಾನು ಆಕೆಯ ಮಣಿಕಟ್ಟು ಹಿಡಿದೆ. ಬಳೆ ಎರಡು ಒಡೆದವು.

"ಬ್ಯಾಡ" ಎಂದೆ.

ಇಷ್ಟು ದಿನ ಬಾರಿಸು ಬಾರಿಸು ಎಂದು ಬೆನ್ನು ಬಿದ್ದವಳು ನಾನು. ಕಲ್ಲವ್ವ ನನ್ನ ಮುಖ ನೋಡಿ ಗಡಿಗೆಯನ್ನು ಎದೆಗೆ ಅವಚಿಕೊಂಡು ನಳದ ಕಡೆ ಹೋದಳು. ತುಂಬಿ ತಂದ ಗಡಿಗೆ ಒಂದು ಹನಿಯೂ ಸೋರಲಿಲ್ಲ. ನಳದಿಂದ ಬಾಗಿಲವರೆಗೆ ನೆಲ ಒಣಗಿಯೇ ಇತ್ತು. ಅಕ್ಕನ ಕೈ ಆರಿಸಿದ ಕಡೆಯ ಮಾಲು ಅದು.

ಅಂಥ ಗಡಿಗೆ ಮನೆಗೆ ವಾಪಸು ಬರುವುದಿಲ್ಲ. ಅದು ಕೂತಿದ್ದ ಮೂಲೆಯಲ್ಲಿ ಅದರ ಬಾಯಿಯ ದುಂಡನೆ ಗುರುತು ಬಹಳ ದಿನ ಉಳಿಯಿತು. ನಾನು ಅಲ್ಲಿ ಕಸ ಹೊಡೆಯುವಾಗ ಸುತ್ತುಹಾಕಿ ಹೋಗುತ್ತಿದ್ದೆ.

ಆಮೇಲೆ ಒಂದು ವರ್ಷ ಗೋಡೆಯ ಸಾಲನ್ನು ನಾನೇ ಬಾರಿಸಿ ಇಟ್ಟೆ. ಕಿವಿಯಿಂದಲೇ. ನನ್ನ ಕೈಯಿಂದ ಸೀಳಿದ್ದು ಯಾರಿಗೂ ಹೋಗಿಲ್ಲ ಎಂದುಕೊಂಡಿದ್ದೇನೆ. ನಿಮಗೆ ಹೇಳಬೇಕಾದ ಮುಖ್ಯ ಮಾತು ಇದೇ. ಹಂಚಿಗೆ, ಬಕೀಟಿಗೆ, ತಾಟಿಗೆ ಗಿರಾಕಿ ತಾನೇ ನೋಡಿಕೊಳ್ಳುತ್ತಾಳೆ, ನೀವು ಸುಳ್ಳು ಹೇಳದಿದ್ದರೆ ಸಾಕು. ನೋಡದೆ ಒಯ್ಯುವವರ ಮಾಲನ್ನು ಮಾತ್ರ ನೀವು ಮುಂಜಾನೆಯೇ ನೋಡಿ ಇಡಬೇಕು. ಈಗ ಮಣ್ಣಿನ ಗಡಿಗೆಯ ಮಾರಾಟ ಕಡಿಮೆ, ಮನೆ ಮನೆಗೆ ಫಿಲ್ಟರು ಬಂದಿದೆ. ಆ ಸಾಲು ಮಾತ್ರ ಕಡಿಮೆಯಾಗಿಲ್ಲ.

ಈ ಯುಗಾದಿಗೆ, ನನ್ನ ಕೆಲಸದ ಕಡೆಯ ದಿನ, ಕುಡಿಯುವ ನೀರಿಗೆ ನನಗೂ ಒಂದು ಗಡಿಗೆ ಬೇಕಿತ್ತು. ಮುಂದಿನ ರಾಶಿಯ ಹತ್ತಿರ ಕೂತೆ. ನಾಲ್ಕೈದು ಬಾರಿಸಿದೆ. ಎಲ್ಲವೂ ಛಲೋ ಇದ್ದವು, ಯಾವುದೂ ಮನಸ್ಸಿಗೆ ಬರಲಿಲ್ಲ. ಕಾಕಾ ಗಲ್ಲೆಯ ಮೇಲಿನಿಂದ ನೋಡುತ್ತಿದ್ದರು. ಅವರಿಗೂ ವಯಸ್ಸಾಗಿದೆ, ನಾನು ಬಾರಿಸುವವರೆಗೆ ಕಣ್ಣು ತೆಗೆಯಬಾರದು ಎಂಬಂತೆ ಕೂತಿದ್ದರು. ಇನ್ನೊಂದು ಗಡಿಗೆ ಎತ್ತಿಕೊಂಡೆ. ಅದರ ಬಾಯನ್ನು ಮೊದಲ ಸಲ ನನ್ನ ದವಡೆಗೆ ಒತ್ತಿ ಹಿಡಿದೆ. ತಣ್ಣಗಿತ್ತು, ದುಮ್ಮವಾಡದ ಮಣ್ಣಿನ ವಾಸನೆ ಬಂತು. ಕಣ್ಣು ಮುಚ್ಚಿ ಬಾರಿಸಿದೆ.

ಓ ಅಂದಿತು.

ಅದು ಯಾರ ದನಿಯ ಹಾಗಿತ್ತು ಎಂದು ಇಲ್ಲಿ ಬರೆಯುವುದಿಲ್ಲ. ಇನ್ನೊಮ್ಮೆ ಬಾರಿಸಬಹುದಿತ್ತು. ಬಾರಿಸಲಿಲ್ಲ. ಗಡಿಗೆ ಗಟ್ಟಿಯಿತ್ತು. ಮನೆಗೆ ತಂದು ನೀರು ತುಂಬಿದೆ.